ಎಂಟು ಆಂಗ್‌ಸ್ಟ್ರಾಮಾ, ನಾಲ್ಕೂವರೆಯಾ?

ಪ್ರಶ್ನೆ: ಯಶವಂತಪುರದ ಹತ್ತಿರದ ಕಾಲೇಜೊಂದರಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಕೋಳಿಮೊಟ್ಟೆಯ ಲೈಸೋಜೈಮ್ (ಬ್ಯಾಕ್ಟೀರಿಯಾದ ಗೋಡೆ ಕತ್ತರಿಸುವ ಪ್ರೋಟೀನ್) ತೆಗೆದುಕೊಂಡಿದ್ದೇನೆ. ಅದರಲ್ಲಿ ಯಾವ ಅಮೈನೊ ಆಮ್ಲ ಯಾವುದರ ಜೊತೆ ಕಾಂಟ್ಯಾಕ್ಟ್‌ನಲ್ಲಿದೆ ಎಂದು ಪಟ್ಟಿ ಮಾಡಬೇಕು. ಸಿ-ಆಲ್ಫಾಗಳ (ಪ್ರತಿ ಅಮೈನೊ ಆಮ್ಲದ ನಡುವಿನ ಕಾರ್ಬನ್) ನಡುವೆ 8 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ಎಂದು ಇಟ್ಟರೆ ಒಂದು ಪಟ್ಟಿ ಬರುತ್ತದೆ. ಯಾವುದಾದರೂ ಎರಡು ಪರಮಾಣು 4.5 ಆಂಗ್‌ಸ್ಟ್ರಾಮ್ ಒಳಗಿದ್ದರೆ ಸಾಕು ಅಂದರೆ ಇನ್ನೊಂದು. ಸೀನಿಯರ್ ಹೇಳಿದ ಪಿಐಸಿ (ಪ್ರೋಟೀನ್ ಇಂಟರಾಕ್ಷನ್ಸ್ ಕ್ಯಾಲ್ಕುಲೇಟರ್) ಸರ್ವರ್‌ನ ಲೆಕ್ಕದಲ್ಲಿ ಮೂರನೆಯದು. "ಇದರಲ್ಲಿ ಸರಿ ಯಾವುದಮ್ಮ?" ಅಂತ ಗೈಡ್ ಮೇಡಂ ಕೇಳಿದರು. ನನಗೆ ಹೇಳಲು ಆಗಲಿಲ್ಲ. ಇನ್ನೊಂದು ವಿಷಯ, ಜಾಸ್ತಿ ಕಾಂಟ್ಯಾಕ್ಟ್ ಇರುವ ರೆಸಿಡ್ಯೂವೇ (ಸರಪಳಿಯೊಳಗಿನ ಅಮೈನೊ ಆಮ್ಲವೇ) ಜಾಸ್ತಿ ಮುಖ್ಯ ಎಂದು ಬರೆಯಬಹುದಾ?

ಉತ್ತರ: ನಿಮ್ಮ ಮೂರೂ ಪಟ್ಟಿ ಸರಿಯಿರಬಹುದು. ಮೂರೂ ತಪ್ಪಿರಲೂಬಹುದು. ತಮಾಷೆಗೆ ಹೇಳುತ್ತಿಲ್ಲ. ಪಿಡಿಬಿ (ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹ) ಫೈಲ್ ತೆರೆದು ನೋಡಿ. ಒಂದೊಂದು ಪರಮಾಣುವಿಗೂ ಎಕ್ಸ್, ವೈ, ಝಡ್ ಎಂದು ಮೂರು ಅಂಕಿ ಇರುತ್ತವೆ. ಎರಡು ಗಂಧಕದ ಪರಮಾಣುಗಳನ್ನು ಕಟ್ಟುವ ಡೈಸಲ್ಫೈಡ್‌ನಂಥ ಗಟ್ಟಿ ಬಂಧಗಳನ್ನು ಬಿಟ್ಟರೆ, ಈ ರೆಸಿಡ್ಯೂ ಆ ರೆಸಿಡ್ಯೂವನ್ನು ಮುಟ್ಟುತ್ತಿದೆ ಎಂದು ಅಲ್ಲಿ ಯಾರೂ ಬರೆದಿರುವುದಿಲ್ಲ. ಕಾಂಟ್ಯಾಕ್ಟ್ ಅನ್ನುವುದು ನಾವು ಎಳೆಯುವ ಗೆರೆ. ಅದನ್ನು ಎಲ್ಲಿ ಎಳೆಯಬೇಕು ಅನ್ನುವುದು ನೀವು ಏನು ತಿಳಿಯಲು ಹೊರಟಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಮೇಡಂಗೆ ಮೊದಲು ಇಷ್ಟು ಹೇಳಿ. ಅವರು ಬಹುಶಃ ಇದನ್ನೇ ನಿಮ್ಮ ಬಾಯಿಂದ ಕೇಳಬೇಕು ಅಂತಿದ್ದಾರೆ.

ಮಲ್ಲೇಶ್ವರದ ಎಂಟನೇ ಕ್ರಾಸ್‌ನಲ್ಲಿ ಹೂವಿನವರ ಬುಟ್ಟಿ ನೋಡಿರುತ್ತೀರಿ. ಮಾರುಗಟ್ಟಲೆ ಕಟ್ಟಿದ ಕನಕಾಂಬರ ಅದರೊಳಗೆ ಸುತ್ತಿಕೊಂಡು ಕೂತಿರುತ್ತದೆ. ದಾರದ ಲೆಕ್ಕದಲ್ಲಿ ಮೊದಲ ಮೊಳದ ಹೂವಿಗೂ ಹತ್ತನೇ ಮೊಳದ ಹೂವಿಗೂ ಬಹಳ ದೂರ. ಬುಟ್ಟಿಯೊಳಗೆ ನೋಡಿದರೆ ಅವೆರಡೂ ಒತ್ತಿಕೊಂಡೇ ಇರುತ್ತವೆ. ನಿಮ್ಮ ಲೈಸೋಜೈಮ್ 129 ಹೂವಿನ ಮಾಲೆ. ಅದರಲ್ಲಿ 6ನೆಯದೂ ಸಿಸ್ಟೀನ್, 127ನೆಯದೂ ಸಿಸ್ಟೀನ್. ದಾರದ ಆ ತುದಿಯದೊಂದು, ಈ ತುದಿಯದೊಂದು. ಆದರೂ ಅವೆರಡರ ಗಂಧಕದ ಪರಮಾಣುಗಳು ಒಂದಕ್ಕೊಂದು ಗಂಟುಹಾಕಿಕೊಂಡಿವೆ. ಹೂವಿನವರು ಸಂಜೆ ಮಾಲೆ ತೆಗೆದು ಮತ್ತೆ ಸುತ್ತಿದರೆ ಪಕ್ಕದ ಹೂಗಳು ಬದಲಾಗುತ್ತವೆ. ಪ್ರೋಟೀನ್ ಪ್ರತಿಸಲವೂ ಅದೇ ರೀತಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಅದರ ನೆರೆಹೊರೆ ಎಣಿಸುವ ಕೆಲಸಕ್ಕೆ ಒಂದು ಅರ್ಥ ಇದೆ.

ಸಿ-ಆಲ್ಫಾವನ್ನು ದಾರದ ಗಂಟು ಅಂದುಕೊಳ್ಳಿ, ಅದರಿಂದ ಹೊರಚಾಚಿದ ಸೈಡ್ ಚೈನ್ ಅನ್ನು ಹೂವಿನ ದಳ. ನಿಮ್ಮ ಮೊದಲ ಪಟ್ಟಿ ಗಂಟಿನಿಂದ ಗಂಟಿಗೆ ಅಳೆದದ್ದು. ಎರಡನೆಯದು ದಳದಿಂದ ದಳಕ್ಕೆ ಅಳೆದದ್ದು. ಅಳತೆಯೇ ಬೇರೆ ಆದ ಮೇಲೆ ಉತ್ತರ ಒಂದೇ ಬರಬೇಕು ಅಂದರೆ ಹೇಗೆ?

ಗಂಟಿನ ಅಳತೆಯನ್ನು ಮೊದಲು ನೋಡೋಣ. ಅಕ್ಕಪಕ್ಕದ ಎರಡು ಸಿ-ಆಲ್ಫಾಗಳ ನಡುವೆ ಹೆಚ್ಚುಕಮ್ಮಿ ಯಾವಾಗಲೂ 3.8 ಆಂಗ್‌ಸ್ಟ್ರಾಮ್. ಆಲ್ಫಾ ಹೆಲಿಕ್ಸ್ ಎಂಬ ಸುರುಳಿಯೊಳಗೆ ಮೂರು ಬಿಟ್ಟು ನಾಲ್ಕನೆಯದಕ್ಕೆ ಸುಮಾರು 6.2. ಬೀಟಾ ಹಾಳೆಯಲ್ಲಿ ಅಕ್ಕಪಕ್ಕದ ಎಳೆಗಳ ನಡುವೆ ಸುಮಾರು 4.8. ಹೀಗಾಗಿ 8 ಎಂದು ಇಟ್ಟರೆ ಹೆಲಿಕ್ಸ್, ಹಾಳೆ ಎರಡೂ ಸಿಗುತ್ತವೆ, ಸುತ್ತಲಿನ ಮೊದಲ ಸಾಲಿನ ನೆರೆಯವರೂ ಸಿಗುತ್ತಾರೆ. ಪ್ರೋಟೀನ್ ಒಟ್ಟಾರೆ ಹೇಗೆ ಮಡಚಿಕೊಂಡಿದೆ, ಎರಡು ಪ್ರೋಟೀನ್‌ಗಳ ಮಡಿಕೆ ಒಂದೇ ಥರ ಇದೆಯಾ ಎಂದು ನೋಡಲು ಇದು ಚೆನ್ನಾಗಿದೆ. ಸೈಡ್ ಚೈನ್ ಸರಿಯಾಗಿ ಕಾಣದ ಮಸುಕು ರಚನೆಗಳಿಗಂತೂ ಇದೇ ಗತಿ. ಆದರೆ 8 ಅನ್ನುವುದೇನೂ ಕಲ್ಲಿನಲ್ಲಿ ಕೊರೆದದ್ದಲ್ಲ. 6.5 ಇಡುವವರೂ ಇದ್ದಾರೆ, 7 ಇಡುವವರೂ ಇದ್ದಾರೆ, 10ಕ್ಕೆ ಹೋಗುವವರೂ ಇದ್ದಾರೆ.

ಇದರ ದೋಷ ಎಲ್ಲಿದೆ? ಲೈಸೀನ್ ತನ್ನ ಕೈಯನ್ನು ಪೂರ್ತಿ ಚಾಚಿದರೆ ಸಿ-ಆಲ್ಫಾದಿಂದ ತುದಿಯ ನೈಟ್ರೋಜನ್‌ವರೆಗೆ 6 ಆಂಗ್‌ಸ್ಟ್ರಾಮ್‌ಗಿಂತ ಜಾಸ್ತಿ. ಆರ್ಜಿನೀನ್ ಇನ್ನೂ ಉದ್ದ. ಎದುರಿನ ಗ್ಲುಟಮೇಟ್ ಕೂಡ ಕೈ ಚಾಚಿದರೆ, ಇಬ್ಬರ ಸಿ-ಆಲ್ಫಾಗಳ ನಡುವೆ 10 ಆಂಗ್‌ಸ್ಟ್ರಾಮ್ ಇದ್ದರೂ ತುದಿಯಲ್ಲಿ ಒಳ್ಳೆಯ ಸಾಲ್ಟ್ ಬ್ರಿಜ್ (ಧನ, ಋಣ ವಿದ್ಯುದಂಶಗಳ ಸೆಳೆತ) ಇರಬಹುದು. ನಿಮ್ಮ ಮೊದಲ ಪಟ್ಟಿಗೆ ಅದು ಕಾಣುವುದೇ ಇಲ್ಲ. ಉಲ್ಟಾ ಕೂಡ ಆಗುತ್ತದೆ. ಎರಡು ರೆಸಿಡ್ಯೂಗಳ ಗಂಟು 7 ಆಂಗ್‌ಸ್ಟ್ರಾಮ್ ದೂರದಲ್ಲಿದ್ದು, ದಳಗಳು ಆಕಡೆ ಒಂದು ಈಕಡೆ ಒಂದು ತಿರುಗಿರುತ್ತವೆ. ಜಗುಲಿಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತವರನ್ನು ಮಾತಾಡುತ್ತಿದ್ದಾರೆ ಎಂದು ಬರೆದುಕೊಂಡ ಹಾಗಾಯಿತು. ಇದನ್ನು ಸ್ವಲ್ಪ ಸರಿಮಾಡಲು ಸೈಡ್ ಚೈನ್‌ನ ಮೊದಲ ಕಾರ್ಬನ್ ಆದ ಸಿ-ಬೀಟಾದಿಂದ ಸಿ-ಬೀಟಾಗೆ ಅಳೆಯುತ್ತಾರೆ, ಅಲ್ಲಿಯೂ 8 ಆಂಗ್‌ಸ್ಟ್ರಾಮ್. ದಳ ಯಾವ ಕಡೆ ಹೊರಟಿದೆ ಅನ್ನುವುದಾದರೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ರಚನೆಯನ್ನು ಊಹಿಸುವ ಸ್ಪರ್ಧೆಯಾದ ಕ್ಯಾಸ್ಪ್‌ನಲ್ಲಿ ಕಾಂಟ್ಯಾಕ್ಟ್ ಅಂದರೆ ಇದೇ. ಗ್ಲೈಸೀನ್‌ಗೆ ಸಿ-ಬೀಟಾ ಇಲ್ಲ, ಅಲ್ಲಿ ಸಿ-ಆಲ್ಫಾ ತೆಗೆದುಕೊಳ್ಳಬೇಕು. ಹೊಸದಾಗಿ ಕೋಡ್ ಬರೆಯುವವರು ಮೊದಲು ಎಡವುವುದು ಈ ಗ್ಲೈಸೀನ್ ಮೇಲೇ.

ಈಗ ದಳದ ಅಳತೆ. ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳನ್ನು ತೆಗೆದುಕೊಂಡು, ಇದರದೊಂದು ಅದರದೊಂದಕ್ಕೆ 4.5 ಆಂಗ್‌ಸ್ಟ್ರಾಮ್ ಒಳಗೆ ಬಂದರೆ ಕಾಂಟ್ಯಾಕ್ಟ್. ಈ ನಾಲ್ಕೂವರೆ ಎಲ್ಲಿಂದ ಬಂತು ಎಂದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ಕಾರ್ಬನ್‌ನ ವ್ಯಾನ್ ಡರ್ ವಾಲ್ಸ್ ತ್ರಿಜ್ಯ 1.7. ಎರಡು ಕಾರ್ಬನ್‌ಗಳು ಮೈಗೆ ಮೈ ತಾಗಿಸಿ ಕೂತರೆ ನಡುವಿನಿಂದ ನಡುವಿಗೆ 3.4. ಅವೆರಡರ ಮಧ್ಯೆ ಒಂದು ನೀರಿನ ಅಣು ತೂರಬೇಕಾದರೆ ಇನ್ನೂ 2.8 ಬೇಕು, ಒಟ್ಟು 6.2. ಅಂದರೆ ನಾಲ್ಕೂವರೆಯಲ್ಲಿ ನಡುವೆ ನೀರು ನುಗ್ಗಲು ಜಾಗ ಇಲ್ಲ. ಪರಮಾಣುಗಳು ಜೀವಂತ ಪ್ರೋಟೀನ್‌ನಲ್ಲಿ ಸ್ವಲ್ಪ ಅಲ್ಲಾಡುತ್ತವೆ, ರಚನೆಯ ಅಂಕಿಗಳಲ್ಲೂ ಸ್ವಲ್ಪ ತಪ್ಪಿರುತ್ತದೆ. ಅದಕ್ಕೆ 3.4ರ ಮೇಲೆ ಒಂದು ಆಂಗ್‌ಸ್ಟ್ರಾಮ್‌ನಷ್ಟು ಧಾರಾಳ ತೋರಿಸಿದ್ದಾರೆ. 5 ಇಟ್ಟರೂ ಇದೇ ವಾದ ನಿಲ್ಲುತ್ತದೆ. ಇನ್ನೂ ಶಿಸ್ತಿನವರು ಒಂದೇ ಅಂಕಿ ಎಲ್ಲರಿಗೂ ಬೇಡ ಎಂದು, ಆಯಾ ಎರಡು ಪರಮಾಣುಗಳ ತ್ರಿಜ್ಯ ಕೂಡಿಸಿ ಅದರ ಮೇಲೆ ಅರ್ಧ ಆಂಗ್‌ಸ್ಟ್ರಾಮ್ ಸೇರಿಸುತ್ತಾರೆ.

ಪಿಐಸಿ ಮಾಡುವುದು ಇವೆರಡೂ ಅಲ್ಲ. ಅದು ನಮ್ಮ ಐಐಎಸ್‌ಸಿಯಲ್ಲಿ ಎನ್. ಶ್ರೀನಿವಾಸನ್ ಅವರ ಗುಂಪು 2007ರಲ್ಲಿ ಹೊರತಂದ ಸಾಧನ. ಯಾರು ಹತ್ತಿರ ಇದ್ದಾರೆ ಎಂದು ಅದು ಕೇಳುವುದಿಲ್ಲ, ಹತ್ತಿರ ಇದ್ದು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತದೆ. ನೀರು ಕಂಡರಾಗದ ಜೋಡಿಗಳಿಗೆ 5 ಆಂಗ್‌ಸ್ಟ್ರಾಮ್, ವಿದ್ಯುದಂಶದ ಜೋಡಿಗಳಿಗೆ 6, ಉಂಗುರಗಳ ನಡುವೆ 4.5ರಿಂದ 7, ಹೀಗೆ ಒಂದೊಂದಕ್ಕೆ ಒಂದೊಂದು ಗೆರೆ. ಇಲ್ಲೂ ಒಮ್ಮತ ಇದೆ ಅಂದುಕೊಳ್ಳಬೇಡಿ. ಸಾಲ್ಟ್ ಬ್ರಿಜ್‌ಗೆ ಬಾರ್ಲೋ ಮತ್ತು ಥಾರ್ನ್‌ಟನ್ 1983ರಲ್ಲಿ ಇಟ್ಟ ಗೆರೆ 4 ಆಂಗ್‌ಸ್ಟ್ರಾಮ್. ಅದೇ ಆಸ್ಪರ್ಟೇಟ್, ಅದೇ ಆರ್ಜಿನೀನ್, ನಡುವೆ 5 ಆಂಗ್‌ಸ್ಟ್ರಾಮ್ ಇದ್ದರೆ ಒಬ್ಬರ ಪಟ್ಟಿಯಲ್ಲಿ ಇದೆ, ಇನ್ನೊಬ್ಬರದರಲ್ಲಿ ಇಲ್ಲ. ನಿಮ್ಮ ಪಟ್ಟಿಗಳು ಜಗಳ ಆಡುವುದಕ್ಕೆ ಅರ್ಧ ಕಾರಣ ಇಂಥದ್ದೇ. ಹೈಡ್ರೋಜನ್ ಬಂಧದಲ್ಲಿ ದೂರ ಒಂದೇ ಸಾಲದು, ಕೋನವೂ ನೋಡಬೇಕು. ಕೊಡುವ ಪರಮಾಣುವಿಗೂ ತೆಗೆದುಕೊಳ್ಳುವ ಪರಮಾಣುವಿಗೂ 3.5 ಆಂಗ್‌ಸ್ಟ್ರಾಮ್ ಇದ್ದು, ಹೈಡ್ರೋಜನ್ ಬೇರೆಲ್ಲೋ ಮುಖ ಮಾಡಿದ್ದರೆ ಅದು ಬಂಧ ಅಲ್ಲ.

ಅಂದಹಾಗೆ, ಎಷ್ಟು ಹತ್ತಿರ ಬಂದರೆ ಕಾಂಟ್ಯಾಕ್ಟ್ ಎಂದು ನಾವು ಕೇಳುತ್ತೇವೆ. ಎಷ್ಟಕ್ಕಿಂತ ಹತ್ತಿರ ಬರಲು ಸಾಧ್ಯವೇ ಇಲ್ಲ ಎಂದು ಕೇಳಿದವರು ಜಿ.ಎನ್. ರಾಮಚಂದ್ರನ್. ಸ್ಫಟಿಕಗಳಲ್ಲಿ ಕಂಡ ದೂರಗಳಿಂದ ಅವರ ತಂಡ ಒಂದು ಕನಿಷ್ಠ ಪಟ್ಟಿ ಮಾಡಿಕೊಂಡಿತು. ಬಂಧ ಇಲ್ಲದ ಎರಡು ಕಾರ್ಬನ್‌ಗಳ ನಡುವೆ ಸಾಮಾನ್ಯವಾಗಿ 3.2 ಬೇಕು, ತೀರಾ ಅಂದರೆ 3.0. ಅದಕ್ಕಿಂತ ಹತ್ತಿರ ಬಂದರೆ ಆ ತಿರುವು ನಡೆಯುವುದಿಲ್ಲ. ಇಷ್ಟರಿಂದಲೇ ಸರಪಳಿ ಎಲ್ಲೆಲ್ಲಿ ತಿರುಗಬಹುದು ಎಂಬ ನಕ್ಷೆ ಬಂತು. 1963ರಲ್ಲಿ ಮದ್ರಾಸಿನಲ್ಲಿ ಮಾಡಿದ ಕೆಲಸ ಅದು. ಆಮೇಲೆ ಅವರು ಬೆಂಗಳೂರಿಗೆ ಬಂದು 1971ರಲ್ಲಿ ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಇದು ನಿಮಗೂ ಕೆಲಸಕ್ಕೆ ಬರುತ್ತದೆ. ನಿಮ್ಮ ಪಟ್ಟಿಯನ್ನು ದೂರದ ಪ್ರಕಾರ ಜೋಡಿಸಿ, ತೀರಾ ಹತ್ತಿರದವನ್ನು ಮೊದಲು ನೋಡಿ. ಬಂಧವೇ ಇಲ್ಲದ ಎರಡು ಕಾರ್ಬನ್ 2.5 ಆಂಗ್‌ಸ್ಟ್ರಾಮ್‌ನಲ್ಲಿ ಕೂತಿದ್ದರೆ ಅದು ಗಟ್ಟಿ ಕಾಂಟ್ಯಾಕ್ಟ್ ಅಲ್ಲ, ರಚನೆಯಲ್ಲೋ ನಿಮ್ಮ ಕೋಡ್‌ನಲ್ಲೋ ಏನೋ ಕೆಟ್ಟಿದೆ.

ಈ ಗೆರೆಯ, ಅಂದರೆ ಕಟ್‌ಆಫ್‌ನ, ಬಗ್ಗೆ ಇಷ್ಟು ಸಾಕು. ನಿಜ ಹೇಳಬೇಕೆಂದರೆ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಹಾಳಾಗುವುದು ಕಟ್‌ಆಫ್‌ನಿಂದ ಅಲ್ಲ, ಫೈಲ್‌ನಿಂದ. ತರಕಾರಿ ತೊಳೆಯದೆ ಹೆಚ್ಚಿಬಿಡುತ್ತಾರೆ.

ನನ್ನ ಕಥೆಯನ್ನೇ ಹೇಳುತ್ತೇನೆ. ಪಿಎಚ್‌ಡಿ ಶುರುಮಾಡಿದ ವರ್ಷ ಒಂದು ಪ್ರೋಟೀನ್‌ನ ಹೊರಮೈ ಮೇಲೆ ಲ್ಯೂಸೀನ್‌ಗಳ ಗುಂಪು ಸಿಕ್ಕಿತು. ಒಂದಕ್ಕೂ ಸರಿಯಾದ ನೆರೆಯವರಿಲ್ಲ. ಎಣ್ಣೆಯಂಥ ರೆಸಿಡ್ಯೂಗಳು ನೀರಿನಲ್ಲಿ ಹೀಗೆ ಮೈ ಬಿಟ್ಟು ನಿಂತಿವೆ ಅಂದರೆ ಏನೋ ದೊಡ್ಡದು ಸಿಕ್ಕಿದೆ ಅಂದುಕೊಂಡು ಮೂರು ಪುಟ ಸಿದ್ಧಾಂತ ಬರೆದೆ. ಕಾಫಿ ಕುಡಿಯುವಾಗ ಸೀನಿಯರ್ ಒಬ್ಬರು ಪರದೆ ನೋಡಿ, "ಅದು ಡೈಮರ್ ಕಣಯ್ಯ, ಇನ್ನರ್ಧ ಎಲ್ಲಿ?" ಅಂದರು. ಡೈಮರ್ ಅಂದರೆ ಎರಡು ಸೇರಿದ ಜೋಡಿ, ಅದರ ಇನ್ನರ್ಧ ಫೈಲ್‌ನಲ್ಲಿ ಇರಲಿಲ್ಲ. ಸ್ಫಟಿಕದ ಸಮ್ಮಿತಿಯಿಂದ ಅದನ್ನು ನಾನೇ ಕಟ್ಟಿಕೊಳ್ಳಬೇಕಿತ್ತು. ಕಟ್ಟಿದೆ. ಲ್ಯೂಸೀನ್‌ಗಳೆಲ್ಲ ಜೋಡಿಯ ಮಧ್ಯೆ ಬೆಚ್ಚಗೆ ಕೂತವು. ಮೂರು ಪುಟ ಕಸದ ಬುಟ್ಟಿಗೆ ಹೋಯಿತು.

ಇದು ನನ್ನೊಬ್ಬನ ದಡ್ಡತನ ಅಂದುಕೊಳ್ಳಬೇಡಿ. ಮನುಷ್ಯರ ಆಕ್ಸಿಹಿಮೋಗ್ಲೋಬಿನ್‌ನ 1ಎಚ್‌ಎಚ್‌ಒ ಫೈಲ್ ತೆಗೆದು ನೋಡಿ. ಹಿಮೋಗ್ಲೋಬಿನ್‌ಗೆ ನಾಲ್ಕು ಸರಪಳಿ ಎಂದು ಹೈಸ್ಕೂಲ್‌ನಲ್ಲೇ ಓದಿರುತ್ತೇವೆ. ಫೈಲ್‌ನಲ್ಲಿ ಇರುವುದು ಎರಡೇ. ಹಾಗೇ ಎಣಿಸಿದರೆ ಎರಡು ಅರ್ಧಗಳ ನಡುವಿನ ಕಾಂಟ್ಯಾಕ್ಟ್‌ಗಳೆಲ್ಲ ಮಾಯ. ಹಿಮೋಗ್ಲೋಬಿನ್ ಆಮ್ಲಜನಕ ಹಿಡಿಯುವಾಗ ಬಿಡುವಾಗ ಬದಲಾಗುವುದೇ ಆ ಜಾಗ! ಅದಕ್ಕೇ ಪಿಡಿಬಿ ತಾಣದಲ್ಲಿ ಬಯಾಲಾಜಿಕಲ್ ಅಸೆಂಬ್ಲಿ ಎಂದು ಬೇರೆ ಫೈಲ್ ಕೊಟ್ಟಿರುತ್ತಾರೆ. ಇಳಿಸಿಕೊಳ್ಳಬೇಕಾದದ್ದು ಅದನ್ನು. ಇನ್ನೊಂದು ಕಡೆಯಿಂದಲೂ ಹುಷಾರಾಗಿರಬೇಕು. ಸ್ಫಟಿಕದೊಳಗೆ ಅಣುಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಒತ್ತಿಟ್ಟಿರುವುದರಿಂದ ಸುಮ್ನೆ ತಾಗಿಕೊಂಡ ನೆರೆಯವರೂ ಇರುತ್ತಾರೆ. ಲೈಸೋಜೈಮ್ ಬೇರೆ ಬೇರೆ ರೀತಿಯ ಸ್ಫಟಿಕ ಕಟ್ಟುತ್ತದೆ, ಪ್ರತಿಯೊಂದರಲ್ಲೂ ಈ ತಾಗಾಟ ಬೇರೆ. ಅದನ್ನು ಜೀವಕೋಶದ ಸತ್ಯ ಎಂದು ಬರೆಯಬಾರದು.

ನಿಮ್ಮ ಅದೃಷ್ಟಕ್ಕೆ ಲೈಸೋಜೈಮ್ ಒಂಟಿಯಾಗಿ ಕೆಲಸ ಮಾಡುವ ಪ್ರೋಟೀನ್, ಈ ತಾಪತ್ರಯ ಕಮ್ಮಿ. ಆದರೆ ಎರಡು ಜಾಗದಲ್ಲಿ ಕೂತ ಸೈಡ್ ಚೈನ್‌ಗಳು ಇರಬಹುದು. ಸ್ಫಟಿಕದ ಅರ್ಧ ಅಣುಗಳಲ್ಲಿ ಒಂದು ಭಂಗಿ, ಇನ್ನರ್ಧದಲ್ಲಿ ಇನ್ನೊಂದು ಭಂಗಿ ಇದ್ದರೆ ಫೈಲ್‌ನಲ್ಲಿ ಎ, ಬಿ ಎಂದು ಎರಡನ್ನೂ ಬರೆದಿರುತ್ತಾರೆ. ಎರಡನ್ನೂ ಸೇರಿಸಿ ಎಣಿಸಿದರೆ ಒಬ್ಬನಿಗೆ ನಾಲ್ಕು ಕೈ ಆಗುತ್ತದೆ. ಒಂದನ್ನೇ ಇಟ್ಟುಕೊಳ್ಳಿ, ಜಾಸ್ತಿ ಪಾಲು ಇರುವುದನ್ನು. ನೀರಿನ ಅಣುಗಳನ್ನು, ಸ್ಫಟಿಕ ಬೆಳೆಸಲು ಹಾಕಿದ ಉಪ್ಪನ್ನು ತೆಗೆಯಿರಿ. ಎನ್‌ಎಂಆರ್ (ಸ್ಫಟಿಕವಿಲ್ಲದೆ ಕಾಂತಕ್ಷೇತ್ರದಲ್ಲಿ ಅಳೆದ) ರಚನೆಯಾದರೆ ಒಂದೇ ಫೈಲ್‌ನಲ್ಲಿ ಇಪ್ಪತ್ತು ಮಾಡೆಲ್ ಇರಬಹುದು, ಎಲ್ಲವೂ ಒಂದರ ಮೇಲೊಂದು. ಬೇರೆಬೇರೆಯಾಗಿ ಎಣಿಸಿ, ಎಷ್ಟರಲ್ಲಿ ಆ ಕಾಂಟ್ಯಾಕ್ಟ್ ಇದೆ ನೋಡಿ. ಆಸ್ಪರಜೀನ್, ಗ್ಲುಟಮೀನ್‌ಗಳ ತುದಿಯಲ್ಲಿ ನೈಟ್ರೋಜನ್ ಯಾವುದು, ಆಕ್ಸಿಜನ್ ಯಾವುದು ಎಂದು ಎಕ್ಸ್-ರೇಯಲ್ಲಿ ಬೇರೆ ಮಾಡುವುದು ಕಷ್ಟ. ಆದ್ದರಿಂದ ಕೆಲವು ತಲೆಕೆಳಗಾಗಿ ಕೂತಿರುತ್ತವೆ. ಹೈಡ್ರೋಜನ್ ಬಂಧ ಎಣಿಸುವಾಗ ಇದು ಕಾಡುತ್ತದೆ, ಸುಮ್ಮನೆ ದೂರ ನೋಡುವಾಗ ಅಷ್ಟಿಲ್ಲ.

ನಂಬರ್ ಗೊಂದಲ ಇನ್ನೊಂದು. ಪಿಡಿಬಿಯಲ್ಲಿ ಲೈಸೋಜೈಮ್ 1ರಿಂದ 129. ಆದರೆ ಕೋಳಿಯ ಜೀನ್ ಪ್ರಕಾರ ಮೊದಲು ತಯಾರಾಗುವುದು 147 ರೆಸಿಡ್ಯೂ. ಅದರ ಮೊದಲ 18 ಹೊರಗೆ ಕಳಿಸಲು ಅಂಟಿಸಿದ ವಿಳಾಸದ ಚೀಟಿ, ಆಮೇಲೆ ಕತ್ತರಿಸಿ ಹೋಗುತ್ತದೆ. ಪ್ರೋಟೀನ್ ಸರಣಿಗಳ ಸಂಗ್ರಹವಾದ ಯೂನಿಪ್ರಾಟ್ ಆ ಚೀಟಿಯನ್ನೂ ಸೇರಿಸಿ ಎಣಿಸುತ್ತದೆ. ಹೀಗಾಗಿ ಇಲ್ಲಿ 35 ಅಂದದ್ದು ಅಲ್ಲಿ 53. ಎರಡೂ ಕಡೆಯಿಂದ ಮಾಹಿತಿ ತಂದು ಒಂದೇ ಕೋಷ್ಟಕದಲ್ಲಿ ಸೇರಿಸಿದ್ದರೆ ಈಗಲೇ ಹೋಗಿ ನೋಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಜಾಸ್ತಿ ಕಾಂಟ್ಯಾಕ್ಟ್ ಇದ್ದರೆ ಜಾಸ್ತಿ ಮುಖ್ಯ ಎಂದು ಬರೆಯಬೇಡಿ. ಲೈಸೋಜೈಮ್‌ನಲ್ಲೇ ಉತ್ತರ ಇದೆ. ಅದರಲ್ಲಿ ಆರು ಟ್ರಿಪ್ಟೊಫಾನ್. 28ನೆಯದು ತಿರುಳಿನಲ್ಲಿ ಹೂತು ಕೂತಿದೆ, ಸುತ್ತಲೂ ನೆರೆಯವರು. 62ನೆಯದು ಸಕ್ಕರೆ ಬಂದು ಕೂರುವ ಸೀಳಿನ ಅಂಚಿನಲ್ಲಿ ಹೊರಗೆ ಮೈ ಚಾಚಿ ನಿಂತಿದೆ. ಎಣಿಕೆಯಲ್ಲಿ ಅದು ಬಡವ. ಆದರೆ ಬ್ಯಾಕ್ಟೀರಿಯಾದ ಗೋಡೆಯ ಸಕ್ಕರೆ ಸರಪಳಿ ಬಂದಾಗ ಹಿಡಿದುಕೊಳ್ಳುವವರಲ್ಲಿ ಅದೂ ಒಂದು. ಸಕ್ಕರೆ ಇಲ್ಲದ ಫೈಲ್ ತೆಗೆದುಕೊಂಡು ಎಣಿಸಿದರೆ ಅದರ ಬೆಲೆ ಹೇಗೆ ಗೊತ್ತಾಗಬೇಕು? 35ನೆಯ ಗ್ಲುಟಮೇಟ್ ಅಂತೂ ಇನ್ನೂ ಸ್ವಾರಸ್ಯ. ಆ ಸರಪಳಿ ಕತ್ತರಿಸುವ ಮುಖ್ಯ ಕೆಲಸಗಾರ ಅದೇ. ಅದಕ್ಕೆ ಎಷ್ಟು ನೆರೆಯವರು ಅನ್ನುವುದಕ್ಕಿಂತ ಎಂಥ ನೆರೆಯವರು ಅನ್ನುವುದು ಮುಖ್ಯ. ಪಕ್ಕದಲ್ಲಿ 108ನೆಯ ಟ್ರಿಪ್ಟೊಫಾನ್‌ನಂಥ ಎಣ್ಣೆ ಜಾತಿಯವರು ಇರುವುದರಿಂದ ಅದು ತನ್ನ ಪ್ರೋಟಾನ್ ಅನ್ನು ಸುಲಭವಾಗಿ ಬಿಡುವುದಿಲ್ಲ. ಸಾಮಾನ್ಯ ಗ್ಲುಟಮೇಟ್‌ನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್) 4ರ ಆಸುಪಾಸು, ಇದರದು ಸುಮಾರು 6. ಬಿಡದೆ ಇಟ್ಟುಕೊಂಡ ಆ ಪ್ರೋಟಾನೇ ಕತ್ತರಿಸುವಾಗ ಬೇಕಾಗುವುದು. ಎಣಿಕೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ.

ಇನ್ನೊಂದು, ದೊಡ್ಡವರಿಗೆ ಎಣಿಕೆ ತಾನಾಗಿಯೇ ಜಾಸ್ತಿ ಬರುತ್ತದೆ. ಟ್ರಿಪ್ಟೊಫಾನ್‌ಗೆ ಹೈಡ್ರೋಜನ್ ಬಿಟ್ಟು 14 ಪರಮಾಣು, ಅಲನೀನ್‌ಗೆ 5. ಮದುವೆಮನೆಯಲ್ಲಿ ದಪ್ಪಗಿರುವವರಿಗೆ ಹೆಚ್ಚು ಜನ ತಾಗುತ್ತಾರೆ, ಅದರಿಂದ ಅವರು ಹೆಚ್ಚು ಜನಪ್ರಿಯರು ಎಂದಾಗುವುದಿಲ್ಲ. ಇದನ್ನು ಸರಿದೂಗಿಸುವ ಒಳ್ಳೆಯ ದಾರಿ ಮತ್ತೆ ಬೆಂಗಳೂರಿನದೇ. ಐಐಎಸ್‌ಸಿಯ ಸರಸ್ವತಿ ವಿಶ್ವೇಶ್ವರ ಅವರ ಗುಂಪು ಪ್ರೋಟೀನ್ ಅನ್ನು ಜಾಲವಾಗಿ ನೋಡುವ ಕೆಲಸವನ್ನು 1990ರ ದಶಕದಿಂದ ಮಾಡಿದೆ. ಅವರ ಲೆಕ್ಕ ಹೀಗಿದೆ. ಎರಡು ಸೈಡ್ ಚೈನ್‌ಗಳ ನಡುವೆ 4.5 ಆಂಗ್‌ಸ್ಟ್ರಾಮ್ ಒಳಗೆ ಬರುವ ಪರಮಾಣು ಜೋಡಿಗಳು ಎಷ್ಟು ಎಂದು ಎಣಿಸಿ. ಆ ಎರಡು ಜಾತಿಯ ರೆಸಿಡ್ಯೂಗಳಿಗೆ ಬಹಳ ಪ್ರೋಟೀನ್‌ಗಳನ್ನು ನೋಡಿ ಮೊದಲೇ ಗೊತ್ತುಮಾಡಿಟ್ಟ ಒಂದೊಂದು ಅಂಕಿ ಇದೆ. ಆ ಎರಡನ್ನು ಗುಣಿಸಿ, ವರ್ಗಮೂಲ ತೆಗೆದು, ಅದರಿಂದ ನಿಮ್ಮ ಎಣಿಕೆಯನ್ನು ಭಾಗಿಸಿ, ನೂರರಿಂದ ಗುಣಿಸಿ. ಬರುವುದು ಆ ನಂಟಿನ ಬಲ, ಶೇಕಡಾ ಲೆಕ್ಕದಲ್ಲಿ. ನನಗೆ ಇದು ಇಷ್ಟ ಆಗುವುದು ಯಾಕೆಂದರೆ ಇಲ್ಲಿ ಹೌದು-ಇಲ್ಲ ಅನ್ನುವ ಹಠ ಇಲ್ಲ. ಒಂದು ಗೆರೆಯ ಬದಲು ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತಾ ಹೋಗಬಹುದು. ಸಡಿಲವಾಗಿ ಇಟ್ಟಾಗ ಇಡೀ ಪ್ರೋಟೀನ್ ಒಂದೇ ಗುಂಪು. ಬಿಗಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಜಾಲ ತಟ್ಟನೆ ಚೂರುಚೂರಾಗುತ್ತದೆ. ಆಮೇಲೂ ಒಟ್ಟಿಗೆ ಉಳಿದವರು ಗಟ್ಟಿ ನೆಂಟರು.

ಮ್ಯುಟೇಶನ್ ಬಗ್ಗೆ ಬರೆಯುವ ಆಸೆ ನಿಮಗಿದ್ದರೆ ಎರಡು ಉದಾಹರಣೆ ಮನಸ್ಸಿನಲ್ಲಿಟ್ಟುಕೊಳ್ಳಿ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೆಯ ಗ್ಲುಟಮೇಟ್ ಹೋಗಿ ವ್ಯಾಲೀನ್ ಬರುತ್ತದೆ. ಒಂದು ಹಿಮೋಗ್ಲೋಬಿನ್ ಅಣುವನ್ನಷ್ಟೇ ತೆಗೆದುಕೊಂಡು ಎಣಿಸಿದರೆ ಅಲ್ಲಿ ಏನೂ ವಿಶೇಷ ಕಾಣದು, ಅದು ಹೊರಮೈಯ ಒಂದು ಮೂಲೆ. ಆಮ್ಲಜನಕ ಬಿಟ್ಟ ಮೇಲೆ ಆ ವ್ಯಾಲೀನ್ ಪಕ್ಕದ ಅಣುವಿನ 85ನೆಯ ಫಿನೈಲ್‌ಅಲನೀನ್ ಮತ್ತು 88ನೆಯ ಲ್ಯೂಸೀನ್ ಇರುವ ಗುಳಿಯಲ್ಲಿ ಹೋಗಿ ಕೂರುತ್ತದೆ. ಹೀಗೆ ಅಣುವಿಗೆ ಅಣು ಸೇರಿ ಉದ್ದನೆಯ ನಾರು, ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಕಾಯಿಲೆ ತಂದದ್ದು ಒಂದು ಕಾಂಟ್ಯಾಕ್ಟ್ ಕಳೆದದ್ದಲ್ಲ, ಇಲ್ಲದ ಕಾಂಟ್ಯಾಕ್ಟ್ ಹುಟ್ಟಿದ್ದು.

ಇನ್ಸುಲಿನ್‌ನದು ಇದರ ಉಲ್ಟಾ ಕಥೆ. ನೀವು ಇನ್ಸುಲಿನ್ ತಯಾರಾಗುವ ಊರಿನಲ್ಲೇ ಇದ್ದೀರಿ, ಇದು ಗೊತ್ತಿರಲಿ. ಇನ್ಸುಲಿನ್‌ಗಳು ಎರಡೆರಡು ಜೋಡಿಯಾಗಿ, ಆಮೇಲೆ ಸತುವಿನ ಜೊತೆ ಆರರ ಗುಂಪಾಗಿ ಕೂರುತ್ತವೆ. ಚುಚ್ಚಿದ ಮೇಲೆ ಗುಂಪು ಒಡೆದು ಒಂಟಿಯಾದರೆ ಮಾತ್ರ ರಕ್ತಕ್ಕೆ ಬೇಗ ಸೇರುತ್ತದೆ. ಜೋಡಿ ಕೂರುವ ಜಾಗದಲ್ಲಿ ಬಿ ಸರಪಳಿಯ 28ನೆಯ ಪ್ರೊಲೀನ್, 29ನೆಯ ಲೈಸೀನ್ ಇವೆ. ಅವೆರಡನ್ನೂ ಅದಲುಬದಲು ಮಾಡಿದರು. ಜೋಡಿಯ ಹಿಡಿತ ಸಡಿಲವಾಯಿತು. ಅದೇ 1996ರಲ್ಲಿ ಮಾರುಕಟ್ಟೆಗೆ ಬಂದ ಲಿಸ್‌ಪ್ರೊ, ಊಟಕ್ಕೆ ಸ್ವಲ್ಪ ಮುಂಚೆ ಹಾಕಿಕೊಳ್ಳುವ ಇನ್ಸುಲಿನ್.

ಕಾಂಟ್ಯಾಕ್ಟ್ ಮ್ಯಾಪ್ ಬರೆದಿಲ್ಲವಾದರೆ ಬರೆಯಿರಿ. 129 ಸಾಲು, 129 ಕಂಬ, ಮುಟ್ಟುವ ಜೋಡಿಗೆ ಕಪ್ಪು ಚುಕ್ಕಿ. ಒಟ್ಟು ಜೋಡಿಗಳು 8,256 ಮಾತ್ರ, ಹಳೆಯ ಲ್ಯಾಪ್‌ಟಾಪ್‌ಗೂ ಕಷ್ಟ ಇಲ್ಲ. ಹೆಲಿಕ್ಸ್‌ಗಳು ಕರ್ಣದ ಗೆರೆಗೆ ಅಂಟಿದ ದಪ್ಪ ಪಟ್ಟಿಯಾಗಿ ಕಾಣುತ್ತವೆ. ಎದುರುಬದುರು ಓಡುವ ಬೀಟಾ ಎಳೆಗಳು ಕರ್ಣಕ್ಕೆ ಅಡ್ಡಲಾಗಿ ಗೀಚಿದಂತೆ, ಒಂದೇ ದಿಕ್ಕಿಗೆ ಓಡುವವು ಕರ್ಣಕ್ಕೆ ಸಮಾನಾಂತರವಾಗಿ. ದಾರದಲ್ಲಿ ಮೂರು ನಾಲ್ಕು ಹೆಜ್ಜೆಯೊಳಗೆ ಇರುವ ಜೋಡಿಗಳನ್ನು ಬಿಟ್ಟುಬಿಡಿ. ಅವು ದಾರದಿಂದಾಗಿ ಹತ್ತಿರ ಇವೆಯೇ ಹೊರತು ಮಡಿಕೆಯಿಂದ ಅಲ್ಲ, ಎಣಿಕೆಯನ್ನು ಸುಮ್ನೆ ಉಬ್ಬಿಸುತ್ತವೆ. ದೂರದ ಕಾಂಟ್ಯಾಕ್ಟ್ ಜಾಸ್ತಿ ಇರುವ ಚಿಕ್ಕ ಪ್ರೋಟೀನ್‌ಗಳು ನಿಧಾನವಾಗಿ ಮಡಚಿಕೊಳ್ಳುತ್ತವೆ ಎಂದು ಪ್ಲ್ಯಾಕ್ಸ್‌ಕೊ, ಸೈಮನ್ಸ್, ಬೇಕರ್ 1998ರಲ್ಲಿ ತೋರಿಸಿದರು. ಮೂರನೆಯವರು 2024ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಡೇವಿಡ್ ಬೇಕರ್. ಅದೇ ಬಹುಮಾನದ ಇನ್ನರ್ಧ ಪ್ರೋಟೀನ್ ರಚನೆ ಊಹಿಸುವ ಎಐ ಆದ ಆಲ್ಫಾಫೋಲ್ಡ್ ಕಟ್ಟಿದವರಿಗೆ ಹೋಯಿತು. ಆಲ್ಫಾಫೋಲ್ಡ್ ಮಾಡೆಲ್ ಮೇಲೆ ಕಾಂಟ್ಯಾಕ್ಟ್ ಎಣಿಸಬಹುದಾ ಎಂದು ಈಗ ಎಲ್ಲರೂ ಕೇಳುತ್ತಾರೆ. ಎಣಿಸಬಹುದು. ಆದರೆ ಪಿಎಲ್‌ಡಿಡಿಟಿ (ಆ ಭಾಗದ ಊಹೆ ಎಷ್ಟು ನಂಬಬಹುದು ಎಂದು ನೂರಕ್ಕೆ ಕೊಡುವ ಅಂಕ) 70ಕ್ಕಿಂತ ಕೆಳಗಿರುವ ಭಾಗಗಳನ್ನು ಕೈಬಿಡಿ. ನಿಮ್ಮ ಲೈಸೋಜೈಮ್‌ಗಂತೂ ಅದರ ಅಗತ್ಯವೇ ಇಲ್ಲ. 1965ರಲ್ಲಿ ಡೇವಿಡ್ ಫಿಲಿಪ್ಸ್ ತಂಡ ಮೊದಲು ಬಿಡಿಸಿದ ಎಂಜೈಮ್ ರಚನೆಯೇ ಅದು. ಒಳ್ಳೊಳ್ಳೆಯ ಫೈಲ್‌ಗಳು ಬೇಕಾದಷ್ಟಿವೆ. ಸ್ಪಷ್ಟತೆ 2 ಆಂಗ್‌ಸ್ಟ್ರಾಮ್‌ಗಿಂತ ಚೆನ್ನಾಗಿರುವುದನ್ನು ಆರಿಸಿ (ಅಂಕಿ ಕಮ್ಮಿಯಾದಷ್ಟೂ ರಚನೆ ಸ್ಪಷ್ಟ). 3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ರಚನೆ ಇಟ್ಟುಕೊಂಡು 4.5 ಸರಿಯಾ 4.6 ಸರಿಯಾ ಎಂದು ವಾದಿಸುವುದು ಲಾರಿ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ.

ನಿಮ್ಮ ಪ್ರಾಜೆಕ್ಟ್‌ಗೆ ನಾನಾದರೆ ಹೀಗೆ ಮಾಡುತ್ತೇನೆ. ಮಡಿಕೆ ತೋರಿಸುವ ಮ್ಯಾಪ್‌ಗೆ ಸಿ-ಬೀಟಾ 8. ಯಾರು ಯಾರನ್ನು ಮುಟ್ಟುತ್ತಾರೆ ಅನ್ನುವ ಮುಖ್ಯ ಪಟ್ಟಿಗೆ ಹೈಡ್ರೋಜನ್ ಬಿಟ್ಟ ಪರಮಾಣುಗಳ 4.5. ಯಾಕೆ ಮುಟ್ಟುತ್ತಾರೆ ಅನ್ನುವುದಕ್ಕೆ ಪಿಐಸಿಯ ವಿಂಗಡಣೆ, ಪಕ್ಕದ ಕಂಬದಲ್ಲಿ. ಅಲ್ಲಿಗೆ ಮೂರೂ ಪಟ್ಟಿಗೆ ಕೆಲಸ ಸಿಕ್ಕಿತು, ಅಲ್ವಾ? ಆಮೇಲೆ 4.5ರ ಬದಲು 4.0 ಮತ್ತು 5.0 ಇಟ್ಟು ಮತ್ತೆರಡು ಸಲ ಓಡಿಸಿ. ನೀವು ಹೇಳಬೇಕೆಂದಿರುವ ಮಾತು ಮೂರರಲ್ಲೂ ನಿಂತರೆ ಧೈರ್ಯವಾಗಿ ಬರೆಯಿರಿ. ಒಂದರಲ್ಲಿ ಮಾತ್ರ ನಿಂತರೆ ಅದು ಪ್ರೋಟೀನ್‌ನ ಮಾತಲ್ಲ, ಕಟ್‌ಆಫ್‌ನ ಮಾತು. ವಿಧಾನದ ಭಾಗದಲ್ಲಿ ಯಾವ ಫೈಲ್, ಯಾವ ಪರಮಾಣು, ಎಷ್ಟು ದೂರ, ದಾರದಲ್ಲಿ ಎಷ್ಟು ಹೆಜ್ಜೆ ಬಿಟ್ಟಿರಿ, ಎರಡು ಭಂಗಿ ಇದ್ದಾಗ ಯಾವುದನ್ನು ಇಟ್ಟುಕೊಂಡಿರಿ, ಇಷ್ಟನ್ನೂ ಎರಡು ಸಾಲಿನಲ್ಲಿ ಹೇಳಿ. ಇದನ್ನು ಬರೆಯದ ಪೇಪರ್‌ಗಳನ್ನು ಓದಿ ಓದಿ ನನಗೆ ಸಾಕಾಗಿದೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಲೈಸೋಜೈಮ್‌ನಲ್ಲಿ ನಾಲ್ಕು ಡೈಸಲ್ಫೈಡ್ ಇವೆ: 6–127, 30–115, 64–80, 76–94. ಗಂಧಕದಿಂದ ಗಂಧಕಕ್ಕೆ ಸುಮಾರು 2.05 ಆಂಗ್‌ಸ್ಟ್ರಾಮ್. ಗಂಟಿಗೆ 8 ಇಟ್ಟರೂ, ದಳಕ್ಕೆ 4.5 ಇಟ್ಟರೂ ಈ ನಾಲ್ಕು ಜೋಡಿ ನಿಮ್ಮ ಮೂರೂ ಪಟ್ಟಿಯಲ್ಲಿ ಇರಲೇಬೇಕು. ಒಂದು ಕಾಣದಿದ್ದರೂ ಮೇಡಂ ಹತ್ತಿರ ಹೋಗಬೇಡಿ, ಕೋಡ್ ಹತ್ತಿರ ಹೋಗಿ.